ಗುರುವಿಗೇ ತಿರುಮಂತ್ರ ಹಾಕಿದ ಮಸಿಯವನು

ಪ್ರಶ್ನೆ: ಮೊಬೈಲಿನಲ್ಲಿ ಚೀನಾದ ಹಳೇ ಕಾಲದ ಧಾರಾವಾಹಿಗಳನ್ನು ನೋಡುತ್ತಿರುತ್ತೇನೆ. ಕಥೆ ಹೆಚ್ಚು ಕಡಿಮೆ ಒಂದೇ. ಒಂದು ಸಣ್ಣ ಕುಟುಂಬ ತಲೆಮಾರುಗಳಿಂದ ಮಸಿಯನ್ನೋ ಕಸೂತಿಯನ್ನೋ ಮಾಡಿಕೊಂಡಿರುತ್ತದೆ. ಊರಿನ ದೊಡ್ಡ ಸಾಹುಕಾರ ಅವರ ಗುಟ್ಟು ಕದಿಯಲು ಬರುತ್ತಾನೆ. ಕೊನೆಗೆ ಮನೆಯವರು ಉಪಾಯ ಮಾಡಿ ಅವನನ್ನು ಸೋಲಿಸುತ್ತಾರೆ. ರಾಜರ ಕಾಲದಲ್ಲಿ ನಿಜವಾಗಲೂ ಹೀಗೆ ನಡೆದದ್ದುಂಟಾ? ಪೇಟೆಂಟ್, ಟ್ರೇಡ್‌ಮಾರ್ಕ್ ಏನೂ ಇಲ್ಲದಾಗ ಸಣ್ಣವರು ಹೇಗೆ ಬದುಕಿಕೊಂಡರು?

ಉತ್ತರ: ನಡೆದದ್ದುಂಟು. ಆದರೆ ಧಾರಾವಾಹಿಯಲ್ಲಿ ತೋರಿಸುವ ಹಾಗೆ ಅಲ್ಲ. ಅಲ್ಲಿ ಒಂದು ಗುಟ್ಟಿನ ಪಾಕ ಇರುತ್ತದೆ, ಅದನ್ನು ಕದಿಯುತ್ತಾರೆ, ಕೊನೆಗೆ ನ್ಯಾಯಾಧಿಕಾರಿಯ ಮುಂದೆ ಸತ್ಯ ಹೊರಬೀಳುತ್ತದೆ. ನಿಜವಾದ ಜಗಳಗಳು ಪಾಕಕ್ಕಿಂತ ಜಾಸ್ತಿ ಹೆಸರಿಗಾಗಿ ನಡೆದವು. ಗಿರಾಕಿಯ ಬಾಯಲ್ಲಿ ಯಾರ ಹೆಸರು ಮೊದಲು ಬರುತ್ತದೆ? ಇಡೀ ಹೋರಾಟ ಇದೊಂದರ ಮೇಲೆ ನಿಂತಿತ್ತು.

ನೀವು ಮಸಿಯ ಮಾತೆತ್ತಿದ್ದು ನನಗೆ ಬಹಳ ಖುಷಿಯಾಯಿತು. ಯಾಕೆಂದರೆ ಇದಕ್ಕೆ ನಾನು ಕಂಡ ಅತ್ಯುತ್ತಮ ಉದಾಹರಣೆ ಇಬ್ಬರು ಮಸಿ ತಯಾರಕರ ಜಗಳ. ಮಿಂಗ್ ವಂಶದ ವಾನ್‌ಲಿ ಚಕ್ರವರ್ತಿಯ ಕಾಲ, ಅಂದರೆ 1573ರಿಂದ 1620. ಜಾಗ ಹುಯಿಝೌ, ಈಗಿನ ಆನ್‌ಹುಯಿ ಪ್ರಾಂತ್ಯದ ದಕ್ಷಿಣದ ಗುಡ್ಡಗಾಡು.

ಹುಯಿಝೌನಲ್ಲಿ ಬೇಸಾಯದ ನೆಲ ಕಡಿಮೆ. ಹಾಗಾಗಿ ಅಲ್ಲಿನ ಗಂಡಸರು ವ್ಯಾಪಾರಕ್ಕೆ ಊರೂರು ಸುತ್ತುತ್ತಿದ್ದರು. ಉಪ್ಪು, ಚಹಾ, ಮರ, ಗಿರವಿ ಅಂಗಡಿ, ಎಲ್ಲದರಲ್ಲೂ ಅವರದ್ದೇ ಕೈ. ಗುಡ್ಡದಲ್ಲಿ ಪೈನ್ ಮರ ಧಾರಾಳ. ಮಸಿ, ಕಾಗದ, ಕುಂಚ, ಮಸಿ ತೇಯುವ ಕಲ್ಲು, ಈ ನಾಲ್ಕಕ್ಕೂ ಆ ಸೀಮೆ ಹೆಸರುವಾಸಿ. ಚೀನಾದಲ್ಲಿ ಅಧಿಕಾರಿಯಾಗಬೇಕಾದರೆ ಪರೀಕ್ಷೆ ಬರೆಯಬೇಕು. ಪರೀಕ್ಷೆ ಬರೆಯುವವನಿಗೆ ಒಳ್ಳೆಯ ಮಸಿ ಬೇಕೇ ಬೇಕು. ಆ ಮಸಿ ಶೀಸೆಯಲ್ಲಿ ಸಿಗುವ ನೀರುಮಸಿಯಲ್ಲ, ತೇದು ಬಳಸುವ ಗಟ್ಟಿ ಕಡ್ಡಿ. ಓದಿದವರಿಗೆ ಮಸಿ ಅಂದರೆ ಬಳಸಿ ಮುಗಿಸುವ ವಸ್ತು ಮಾತ್ರ ಅಲ್ಲ. ಕೂಡಿಡುವ, ಉಡುಗೊರೆ ಕೊಡುವ, ಗೆಳೆಯರಿಗೆ ತೋರಿಸಿ ಹೆಮ್ಮೆಪಡುವ ವಸ್ತು.

ಈ ಮಸಿ ಹೇಗೆ ಆಗುತ್ತದೆ ಅಂತ ಗೊತ್ತಾದರೆ ಜಗಳ ಯಾಕೆ ಹೆಸರಿನ ಮೇಲೆ ಬಂತು ಅನ್ನುವುದು ಅರ್ಥವಾಗುತ್ತದೆ. ನಮ್ಮಲ್ಲಿ ಅಜ್ಜಿಯಂದಿರು ಕಾಡಿಗೆ ಮಾಡುತ್ತಿದ್ದದ್ದು ನೆನಪಿದೆಯಾ? ಹರಳೆಣ್ಣೆ ದೀಪ ಹಚ್ಚಿ, ಮೇಲೆ ತಟ್ಟೆ ಕವುಚಿಟ್ಟು, ಬೆಳಗ್ಗೆ ಅದರ ಹೊಟ್ಟೆಗೆ ಅಂಟಿದ ಕಪ್ಪನ್ನು ಕೆರೆದು ತೆಗೆಯುವುದು. ಹುಯಿಝೌನ ಎಣ್ಣೆ ಮಸಿಗೂ ಅದೇ ಹಾದಿ. ಟುಂಗ್ ಅನ್ನುವ ಮರದ ಬೀಜದ ಎಣ್ಣೆ, ಸಾಲು ಸಾಲು ದೀಪ, ಮೇಲೆ ಕವುಚಿದ ಬಟ್ಟಲು. ಬತ್ತಿ ದಪ್ಪವಾದರೆ ಕಪ್ಪು ಜಾಸ್ತಿ ಬರುತ್ತದೆ, ಆದರೆ ಒರಟಾಗಿರುತ್ತದೆ. ಬಟ್ಟಲನ್ನು ಬೇಗ ಬೇಗ ತೆಗೆದು ಗರಿಯಿಂದ ಗುಡಿಸದಿದ್ದರೆ ಕಪ್ಪು ಬೆಂದು ಹೋಗುತ್ತದೆ. ಗಾಳಿ ಆಡುವಂತಿಲ್ಲ. ಹಾಗಾಗಿ ಕೆಲಸದವರು ಮುಚ್ಚಿದ ಕೋಣೆಯಲ್ಲಿ ಹೊಗೆ ಕುಡಿಯುತ್ತಾ ಕೂರುತ್ತಿದ್ದರು.

ಆಮೇಲೆ ಆ ಕಪ್ಪನ್ನು ಸೋಸಿ, ಚರ್ಮ ಬೇಯಿಸಿ ತೆಗೆದ ಅಂಟಿನ ಜತೆ ಕಲಸಬೇಕು. ಕಸ್ತೂರಿ, ಪಚ್ಚಕರ್ಪೂರ ಸೇರಿಸುವುದುಂಟು, ಇಲ್ಲದಿದ್ದರೆ ಅಂಟಿನ ವಾಸನೆ ಮೂಗಿಗೆ ಹೊಡೆಯುತ್ತದೆ. ನಂತರ ಕುಟ್ಟುವುದು. 6ನೇ ಶತಮಾನದ ಒಂದು ಚೀನೀ ಗ್ರಂಥ ಮಸಿಗೆ 30,000 ಏಟು ಬೀಳಬೇಕು, ಇನ್ನೂ ಹೆಚ್ಚಾದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ಸೆಕೆಯ ದಿನಗಳಲ್ಲಿ ಮಾಡಿದರೆ ಕೊಳೆತು ನಾರುತ್ತದೆ, ಕೊರೆಯುವ ಚಳಿಯಲ್ಲಿ ಮಾಡಿದರೆ ಒಣಗುವುದಿಲ್ಲ ಅಂತಲೂ ಅದರಲ್ಲಿದೆ. ಕುಟ್ಟಿ ಹದವಾದ ಮುದ್ದೆಯನ್ನು ತೂಗಿ, ಚಿತ್ತಾರ ಕೆತ್ತಿದ ಮರದ ಅಚ್ಚಿಗೆ ಒತ್ತುತ್ತಾರೆ. ಹೊರತೆಗೆದ ಕಡ್ಡಿಯನ್ನು ನೆರಳಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಮಗ್ಗುಲು ಬದಲಿಸುತ್ತಾ ಒಣಗಿಸುತ್ತಾರೆ. ಅವಸರ ಮಾಡಿದರೆ ಬಿರುಕು.

ಬರೆಯುವಾಗ ಅದನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯಬೇಕು. ಸಾಣೆಕಲ್ಲಿನ ಮೇಲೆ ಗಂಧದ ಕೊರಡು ತೇಯುತ್ತೀವಲ್ಲ, ಹಾಗೇ. ನನ್ನ ಮೇಜಿನ ಮೇಲೂ ಒಂದು ಮಸಿ ಕಡ್ಡಿ ಇದೆ. ಬೆರಳುದ್ದ, ಒಂದು ಮೂಲೆ ಓರೆಯಾಗಿ ಸವೆದಿದೆ. ಒಳ್ಳೆಯ ಕಡ್ಡಿ ತೇಯುವಾಗ ಕರಕರ ಅನ್ನುವುದಿಲ್ಲ. ರೇಷ್ಮೆ ಸವರಿದ ಹಾಗೆ ಜಾರುತ್ತದೆ.

ಈಗ ಮುಖ್ಯ ಮಾತು. ಅಂಗಡಿಯಲ್ಲಿ ನಿಂತು ಕಡ್ಡಿಯನ್ನು ಸುಮ್ನೆ ನೋಡಿದರೆ ಅದರ ಗುಣ ಹೆಚ್ಚೇನೂ ತಿಳಿಯುವುದಿಲ್ಲ. ತೇಯಬೇಕು, ಬರೆಯಬೇಕು. ಇನ್ನು ಕೂಡಿಡಲು ಕೊಳ್ಳುವವನು ಅದನ್ನು ತೇಯುವುದೇ ಇಲ್ಲ. ಹಾಗಾದರೆ ಅವನು ಯಾವ ನಂಬಿಕೆಯ ಮೇಲೆ ದುಡ್ಡು ಕೊಡುತ್ತಾನೆ? ಮೇಲಿನ ಚಿತ್ತಾರ, ಹಿಂದಿನ ಹೆಸರು, ದೊಡ್ಡವರ ಹೊಗಳಿಕೆ. ಇಷ್ಟೇ. ಇದನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡವನು ಫಾಂಗ್ ಯೂಲು.

ಎದುರಾಳಿ ಚೆಂಗ್ ಜುನ್‌ಫಾಂಗ್. 1541ರಲ್ಲಿ ಹುಟ್ಟಿದವನು. ವ್ಯಾಪಾರಿ ಮನೆತನ, ಕೈತುಂಬಾ ದುಡ್ಡು, ರಾಜಧಾನಿಯ ರಾಜವಿದ್ಯಾಲಯದಲ್ಲಿ ಕೂತು ಬಂದವನು. ಮಸಿಯ ಹುಚ್ಚು ಅವನಿಗೆ ವಿಪರೀತ. ಲಾಭಕ್ಕಿಂತ ಹಟಕ್ಕೆ ಮಸಿ ಮಾಡಿದವನು ಅನ್ನಬಹುದು. ಫಾಂಗ್ ಯೂಲು ಅದೇ ಸೀಮೆಯವನು. ಪದ್ಯ ಬರೆಯುತ್ತಿದ್ದ, ಕೈಯಲ್ಲಿ ಕಾಸಿರಲಿಲ್ಲ. ಚೆಂಗ್ ಅವನನ್ನು ಹತ್ತಿರ ಸೇರಿಸಿಕೊಂಡ. ಮಸಿ ಮಾಡುವ ವಿದ್ಯೆ ಫಾಂಗ್‌ಗೆ ಸಿಕ್ಕಿದ್ದು ಅಲ್ಲೇ.

ಆಮೇಲೆ ಇಬ್ಬರಿಗೂ ಕೆಟ್ಟಿತು. ಚೆಂಗ್ ಮನೆಯ ಒಬ್ಬ ಉಪಪತ್ನಿಯ ಮೇಲೆ ಫಾಂಗ್ ಕಣ್ಣು ಹಾಕಿದ, ಅವಳನ್ನು ಮದುವೆಯಾದ, ವ್ಯಾಜ್ಯವಾಯಿತು ಅಂತ ಆ ಕಾಲದವರು ಬರೆದಿಟ್ಟ ಮಾತು ಬಂದಿದೆ. ಇದರಲ್ಲಿ ಊರ ಗಾಸಿಪ್ ಎಷ್ಟು ಬೆರೆತಿದೆಯೋ, ನಾನು ಅದರ ಮೇಲೆ ಭಾರ ಹಾಕುವುದಿಲ್ಲ. ಫಾಂಗ್ ಬೇರೆ ಹೋಗಿ ತನ್ನದೇ ಮಸಿ ಮಾಡತೊಡಗಿದ ಅನ್ನುವುದು ನಮಗೆ ಮುಖ್ಯ.

ಅವನ ಸ್ಥಿತಿ ಯೋಚಿಸಿ. ಎದುರಿಗೆ ತನಗೆ ಕಲಿಸಿದವನೇ. ಅವನಿಗೆ ದುಡ್ಡಿದೆ, ದಾಸ್ತಾನಿದೆ, ಮೊದಲು ಬಂದವನು ಅನ್ನುವ ಗೌರವವಿದೆ. ಕಡ್ಡಿಗೆ ಕಡ್ಡಿ ಇಟ್ಟು ಸ್ಪರ್ಧೆ ಮಾಡಿದರೆ ಗೆಲ್ಲುವುದು ಕಷ್ಟ. ಆದರೆ ಫಾಂಗ್ ಕವಿ. ಅವನಿಗೆ ಓದಿದವರ ಒಡನಾಟವಿತ್ತು. ಅದೇ ಊರಿನವನಾದ ವಾಂಗ್ ದಾವ್‌ಕುನ್ ರಕ್ಷಣಾ ಇಲಾಖೆಯಲ್ಲಿ ಉಪಮಂತ್ರಿಯಾಗಿ ನಿವೃತ್ತನಾದವನು, ಆ ಕಾಲದ ದೊಡ್ಡ ಸಾಹಿತಿ. ಅವನ ಕವಿಕೂಟದಲ್ಲಿ ಫಾಂಗ್‌ಗೆ ಜಾಗವಿತ್ತು.

ಫಾಂಗ್ ಒಂದು ಪುಸ್ತಕ ಮಾಡಿದ. ತನ್ನ ಮಸಿ ಕಡ್ಡಿಗಳ ಚಿತ್ತಾರದ ಪುಸ್ತಕ. ವಾಂಗ್ ದಾವ್‌ಕುನ್ ಮುನ್ನುಡಿ ಬರೆದುಕೊಟ್ಟ. ದಿಂಗ್ ಯುನ್‌ಪೆಂಗ್‌ನಂಥ ಹೆಸರಾಂತ ಕಲಾವಿದರು ಚಿತ್ರ ಬರೆದರು. 1588ರ ಹೊತ್ತಿಗೆ ಸಿದ್ಧವಾದ ಈ ಪುಸ್ತಕದಲ್ಲಿ 380ಕ್ಕೂ ಹೆಚ್ಚು ಚಿತ್ತಾರಗಳಿವೆ. ಡ್ರ್ಯಾಗನ್, ಹೂವು, ಪುರಾಣದ ಬೆಟ್ಟ, ಬೌದ್ಧರ ಚಿಹ್ನೆ, ಜತೆಗೆ ಪದ್ಯ ಮತ್ತು ಹೊಗಳಿಕೆ. ಈಗಿನ ಮಾತಲ್ಲಿ ಹೇಳುವುದಾದರೆ ಕ್ಯಾಟಲಾಗ್. ಆದರೆ ಯಾರೂ ಎಸೆಯದ ಕ್ಯಾಟಲಾಗ್. ಓದುವ ಕೋಣೆಯ ಕಪಾಟಿನಲ್ಲಿ ಕಾವ್ಯದ ಪಕ್ಕದಲ್ಲಿ ಇಟ್ಟುಕೊಳ್ಳುವಂಥದ್ದು.

ಇದರ ಜಾಣತನ ನೋಡಿ. ಮಸಿ ಕಡ್ಡಿ ಒಬ್ಬನ ಮನೆಯಲ್ಲಿ ತೇದು ಮುಗಿಯುತ್ತದೆ. ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ. ಅಂಗಡಿಗೆ ಕಾಲಿಡದವನೂ ಚಿತ್ತಾರ ನೋಡಿ, ಇದು ಫಾಂಗ್‌ನದು ಅನ್ನುತ್ತಾನೆ. ಚಿತ್ತಾರದ ಮೇಲೆ ಕಾನೂನಿನ ಹಕ್ಕು ಇಲ್ಲದ ಕಾಲದಲ್ಲಿ, ಮೊದಲು ಅಚ್ಚು ಹಾಕಿಸಿದವನೇ ಅದರ ಒಡೆಯ ಅಂತ ಜನ ನಂಬಿಬಿಡುತ್ತಾರೆ. ಚೆಂಗ್ ಇವೆಲ್ಲ ತನ್ನವು ಅಂತ ಎಷ್ಟು ಕೂಗಿದರೂ ಕೇಳುವವರ ಕೈಯಲ್ಲಿ ಇದ್ದದ್ದು ಫಾಂಗ್‌ನ ಪುಸ್ತಕ.

ಇಷ್ಟು ಹೇಳಿ ನಿಲ್ಲಿಸಿದರೆ ನೀವು ಕೇಳಿದ ಕಥೆ ಸಿಕ್ಕಿತು. ಕಾಸಿಲ್ಲದವನು ಬುದ್ಧಿಯಿಂದ ಸಾಹುಕಾರನನ್ನು ಸೋಲಿಸಿದ. ಆದರೆ ನಾನು ಹಾಗೆ ನಿಲ್ಲಿಸಲಾರೆ. ವಿದ್ಯೆ ಕೊಟ್ಟ ಮನೆಯ ಹೆಸರನ್ನು ಮರೆಮಾಡಿ ಪಡೆದ ಗೆಲುವು ಅದು. ಗುರುವಿಗೇ ತಿರುಮಂತ್ರ ಅನ್ನುತ್ತಾರಲ್ಲ, ಅದೇ. ಫಾಂಗ್‌ನ ಕೈಚಳಕಕ್ಕೆ ನನ್ನ ಗೌರವ ಪೂರ್ತಿ ಇದೆ. ಚೆಂಗ್‌ನ ಹೆಸರು ಒಂದು ಸಾಲಿನಲ್ಲಾದರೂ ಬಂದಿದ್ದರೆ ಅವನ ಮಸಿಯ ಬಣ್ಣ ಏನೂ ಕಡಿಮೆಯಾಗುತ್ತಿರಲಿಲ್ಲ.

ಇನ್ನೊಂದು ಕಡೆ ಚೆಂಗ್‌ಗೆ ಕಷ್ಟದ ಮೇಲೆ ಕಷ್ಟ. ಕೊಲೆ ಆರೋಪ ಬಂತು, ಸೆರೆಮನೆ ಸೇರಿದ, ವರ್ಷಗಟ್ಟಲೆ ಅಲ್ಲಿ ಕಳೆದ. ಇದರ ಹಿಂದೆ ಫಾಂಗ್‌ನ ಕೈ ಇದೆ ಅಂತ ಅವನು ನಂಬಿದ್ದ. ಈಗ ಯೋಚಿಸಿ, ಇಬ್ಬರಲ್ಲಿ ಸಣ್ಣವನು ಯಾರು, ಬಲಶಾಲಿ ಯಾರು? ಹೊತ್ತು ಹೋದ ಹಾಗೆ ಜಾಗ ಅದಲುಬದಲಾಗಿತ್ತು. ಧಾರಾವಾಹಿಯಲ್ಲಿ ಇಂಥದ್ದು ಬರುವುದು ಅಪರೂಪ.

ಹೊರಬಂದ ಚೆಂಗ್ ತನ್ನದೂ ಒಂದು ಪುಸ್ತಕ ಮಾಡಲು ಕೂತ. ಮೊದಲು ಬಂದವನು ಅನ್ನುವ ಲಾಭ ಕೈಬಿಟ್ಟು ಹೋಗಿತ್ತು. ಹಾಗಾಗಿ ಬೇರೆ ಎಲ್ಲದರಲ್ಲೂ ಮೀರಿಸಬೇಕಿತ್ತು. ಸುಮಾರು 500 ಚಿತ್ತಾರ. ಚಿತ್ರ ಬರೆಯಲು ಅದೇ ದಿಂಗ್ ಯುನ್‌ಪೆಂಗ್. ಹೆಸರಾಂತ ಬರಹಗಾರರ ಸಾಲು ಸಾಲು ಮುನ್ನುಡಿ, ಹೊಗಳಿಕೆ. ಕೆಲವು ಪ್ರತಿಗಳಲ್ಲಿ ಬಣ್ಣದ ಮುದ್ರಣ. ಒಂದೇ ಮರದ ಹಲಗೆಯ ಬೇರೆ ಬೇರೆ ಭಾಗಕ್ಕೆ ಬೇರೆ ಬೇರೆ ಬಣ್ಣ ಹಚ್ಚಿ ಒಂದೇ ಸಲ ಒತ್ತುವ ಕೆಲಸ. ಚೀನಾದ ಬಣ್ಣದ ಮುದ್ರಣದ ಕಥೆ ಹೇಳುವವರು ಇಂದಿಗೂ ಈ ಪುಸ್ತಕವನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಪುಸ್ತಕದೊಳಗೆ ಅವನು ಒಂದು ತೋಳವನ್ನೂ ಇಟ್ಟ. ಝೊಂಗ್‌ಶಾನ್ ತೋಳದ ಕಥೆ ಚೀನಾದಲ್ಲಿ ಮಕ್ಕಳಿಗೂ ಗೊತ್ತು. ಬೇಟೆಗಾರರು ಅಟ್ಟಿಸಿಕೊಂಡು ಬಂದ ತೋಳವನ್ನು ಒಬ್ಬ ಮೇಷ್ಟ್ರು ತನ್ನ ಪುಸ್ತಕದ ಚೀಲದಲ್ಲಿ ಅಡಗಿಸಿ ಕಾಪಾಡುತ್ತಾನೆ. ಬೇಟೆಗಾರರು ಹೋದ ಮೇಲೆ ತೋಳ ಹೊರಬಂದು, ನನಗೆ ಹಸಿವಾಗಿದೆ, ನಿನ್ನನ್ನೇ ತಿನ್ನುತ್ತೇನೆ ಅನ್ನುತ್ತದೆ. ಉಂಡ ಮನೆಗೆ ಎರಡು ಬಗೆಯುವವರಿಗೆ ಅಲ್ಲಿ ಈ ತೋಳದ ಹೆಸರೇ ಇಡುತ್ತಾರೆ. ಚೆಂಗ್ ಯಾರ ಬಗ್ಗೆ ಹೇಳುತ್ತಿದ್ದಾನೆ ಅಂತ ಓದಿದ ಪ್ರತಿಯೊಬ್ಬರಿಗೂ ತಿಳಿಯುತ್ತಿತ್ತು.

ಅವನ ಅತಿ ದೊಡ್ಡ ಉಪಾಯ ಬೇರೆಯೇ ಇತ್ತು. ಆ ಹೊತ್ತಿಗೆ ಬೀಜಿಂಗ್‌ನಲ್ಲಿ ಇಟಲಿಯ ಪಾದ್ರಿ ಮತ್ತೆಯೊ ರಿಚ್ಚಿ ಇದ್ದ. 1601ರಿಂದ ಅಲ್ಲೇ ನೆಲೆಸಿದ್ದವನು. ಅವನ ಗಡಿಯಾರ, ಭೂಪಟ, ಚಿತ್ರಗಳನ್ನು ನೋಡಲು ಪಂಡಿತರು ಮುಗಿಬೀಳುತ್ತಿದ್ದರು. ಚೆಂಗ್ ಅವನನ್ನು ಕಂಡು ಏನಾದರೂ ಕೊಡಿ ಅಂತ ಕೇಳಿದ. ರಿಚ್ಚಿ ಕ್ರೈಸ್ತ ಚಿತ್ರಗಳನ್ನೂ, ಚೀನೀ ಭಾಷೆಯ ಬರಹಗಳನ್ನೂ ಕೊಟ್ಟ. ಆ ಬರಹಗಳಲ್ಲಿ ಪ್ರತಿ ಚೀನೀ ಅಕ್ಷರದ ಪಕ್ಕ ಅದರ ಉಚ್ಚಾರಣೆಯನ್ನು ರೋಮನ್ ಲಿಪಿಯಲ್ಲಿ ಬರೆದಿದ್ದ. ಬರಹದ ತಾರೀಖು ನಮ್ಮ ಲೆಕ್ಕದಲ್ಲಿ 1606ರ ಜನವರಿ. ಚೆಂಗ್ ಅವೆಲ್ಲವನ್ನೂ ಹಲಗೆಗೆ ಕೆತ್ತಿಸಿ ತನ್ನ ಪುಸ್ತಕಕ್ಕೆ ಸೇರಿಸಿದ.

ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಡ್ರ್ಯಾಗನ್ ಮತ್ತು ಕಮಲದ ಚಿತ್ತಾರಗಳಿರುವ ಮಸಿ ಪುಸ್ತಕ. ಹಾಳೆ ತಿರುವುತ್ತಾ ಹೋದರೆ ಸಮುದ್ರದ ದಡದಲ್ಲಿ ಯೇಸು, ದೋಣಿಯಿಂದ ಇಳಿದು ಬರುವ ಪೀಟರ್. ಮತ್ತೆ ತಿರುವಿದರೆ ಮಗುವನ್ನು ಎತ್ತಿಕೊಂಡ ಮೇರಿ. ಚೆಂಗ್ ಕ್ರೈಸ್ತನಲ್ಲ. ಆ ಲಿಪಿ ಅವನಿಗೆ ಓದಲೂ ಬರುತ್ತಿರಲಿಲ್ಲ. ಆದರೆ ಇಡೀ ದೇಶದಲ್ಲಿ ಇನ್ಯಾವ ಮಸಿಯವನ ಹತ್ತಿರವೂ ಇದು ಇಲ್ಲ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಜಗಳ ಮಸಿಯದು, ಉಳಿದದ್ದು ನೋಡಿ. ಚೀನೀ ಉಚ್ಚಾರಣೆಯನ್ನು ರೋಮನ್ ಅಕ್ಷರದಲ್ಲಿ ಬರೆದು ಅಚ್ಚು ಹಾಕಿದ ತೀರಾ ಹಳೆಯ ಮಾದರಿಗಳಲ್ಲಿ ಅದೊಂದು.

ಚೆಂಗ್‌ಗೆ ಮುನ್ನುಡಿ ಬರೆದವರಲ್ಲಿ ದೊಂಗ್ ಚಿಚಾಂಗ್ ಒಬ್ಬ. ಆ ಕಾಲದ ಅತಿ ದೊಡ್ಡ ಚಿತ್ರಕಾರ, ಅಕ್ಷರ ಕಲೆಯವನು. ಅವನು ಹೇಳಿದ್ದರ ಭಾವ ಹೀಗಿದೆ: ನೂರು ವರ್ಷದ ಮೇಲೆ ಜುನ್‌ಫಾಂಗ್ ಇರುವುದಿಲ್ಲ, ಅವನ ಮಸಿ ಇರುತ್ತದೆ. ಸಾವಿರ ವರ್ಷದ ಮೇಲೆ ಮಸಿಯೂ ಇರುವುದಿಲ್ಲ, ಹೆಸರು ಇರುತ್ತದೆ. ಚೆಂಗ್ ಜೀವಮಾನವಿಡೀ ಹೊಡೆದಾಡಿದ್ದು ಇದಕ್ಕೇ.

ಗೆದ್ದವರು ಯಾರು ಅಂತ ಕೇಳಿದರೆ ನಾನು ಮೂರನೆಯವರ ಹೆಸರು ಹೇಳುತ್ತೇನೆ. ಅದೇ ಸೀಮೆಯ ಚಿಯೂ ಅನ್ನುವ ಹಳ್ಳಿಯ ಹುವಾಂಗ್ ಮನೆತನ. ಮರದ ಹಲಗೆಯ ಮೇಲೆ ಚಿತ್ರ ಕೆತ್ತುವವರು. ತಂದೆ, ಮಕ್ಕಳು, ದಾಯಾದಿಗಳು, ಎಲ್ಲರದ್ದೂ ಅದೇ ಕಸುಬು. ಫಾಂಗ್‌ನ ಪುಸ್ತಕ ಕೆತ್ತಿದ್ದೂ ಹುವಾಂಗ್ ಮನೆಯವರು, ಚೆಂಗ್‌ನ ಪುಸ್ತಕ ಕೆತ್ತಿದ್ದೂ ಹುವಾಂಗ್ ಮನೆಯವರು. ಇಬ್ಬರು ಬಲಶಾಲಿಗಳು ಕಿತ್ತಾಡುವಾಗ ಅವರು ಯಾರ ಪಕ್ಷವನ್ನೂ ಹಿಡಿಯದೆ ಉಳಿಯನ್ನು ಹಿಡಿದು ಕೂತರು. ಡ್ರ್ಯಾಗನ್ನಿನ ಮೀಸೆಯ ಕೂದಲೆಳೆಯಷ್ಟು ಗೆರೆಯನ್ನು ಸುತ್ತಲಿನ ಮರ ತೆಗೆದು ಉಬ್ಬಾಗಿ ನಿಲ್ಲಿಸುವ ಕೈ ಇನ್ನೆಲ್ಲೂ ಇರಲಿಲ್ಲ. ಮುಂದಿನ ದಶಕಗಳಲ್ಲಿ ಚೀನಾದ ಅತ್ಯುತ್ತಮ ಚಿತ್ರಪುಸ್ತಕಗಳ ಅಂಚಿನಲ್ಲಿ ಹುವಾಂಗ್ ಹೆಸರುಗಳು ಕಾಣುತ್ತಲೇ ಹೋಗುತ್ತವೆ. ನೀವು ಹುಡುಕುತ್ತಿರುವ ಕುಟುಂಬದ ಕಾರ್ಖಾನೆ ನನ್ನ ಕಣ್ಣಿಗೆ ಇದೇ.

ಇನ್ನು ಕಾನೂನಿನ ಪ್ರಶ್ನೆ. ಟ್ರೇಡ್‌ಮಾರ್ಕ್ ಅನ್ನುವ ಕಾಯ್ದೆ ಇರಲಿಲ್ಲ ನಿಜ, ಆದರೆ ಗುರುತು ಹಾಕುವ ಪದ್ಧತಿ ಬಹಳ ಹಳೆಯದು. ಬೀಜಿಂಗ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಸೊಂಗ್ ಕಾಲದ (960–1279) ಒಂದು ತಾಮ್ರದ ಅಚ್ಚು ಇದೆ. ಸುಮಾರು 13 ಸೆಂಟಿಮೀಟರ್ ಅಗಲ. ಜಿನಾನ್ ಊರಿನ ಲಿಯೂ ಮನೆತನದ ಸೂಜಿ ಅಂಗಡಿಯದು. ನಡುವೆ ಕುಟ್ಟಾಣಿ ಹಿಡಿದ ಬಿಳಿ ಮೊಲ. ಬಾಗಿಲ ಮುಂದಿನ ಬಿಳಿ ಮೊಲ ನೋಡಿ ಗುರುತಿಸಿ ಅಂತ ಅಕ್ಕಪಕ್ಕ ಬರೆದಿದೆ. ಕೆಳಗೆ ಒಳ್ಳೆಯ ಉಕ್ಕಿನ ಕಡ್ಡಿ ಕೊಂಡು ಸೂಜಿ ಮಾಡುತ್ತೇವೆ, ಸಗಟು ಕೊಳ್ಳುವವರಿಗೆ ಹೆಚ್ಚಿಗೆ ಕೊಡುತ್ತೇವೆ ಅನ್ನುವ ಜಾಹೀರಾತು. ಓದು ಬರದವರಿಗೂ ಮೊಲ ಗೊತ್ತಾಗುತ್ತದೆ, ಅಲ್ವಾ? ಸೂಜಿ ಕೊಳ್ಳುವ ಹೆಂಗಸರಲ್ಲಿ ಓದು ಬಂದವರು ಎಷ್ಟು ಜನ ಇದ್ದಾರು!

ಯಾರಾದರೂ ಗುರುತು ಕದ್ದರೆ ಅಧಿಕಾರಿಯ ಹತ್ತಿರ ಹೋಗಿ ದೂರು ಕೊಡುವುದು, ಅವನು ಆಜ್ಞೆ ಕೊಟ್ಟರೆ ಅದನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸುವುದು. ನಮ್ಮ ಊರ ಮುಂದಿನ ಶಾಸನಗಳ ಹಾಗೆ. ಈಗಿನ ಶಾಂಘೈ ಸೀಮೆಯ ಸೊಂಗ್‌ಜಿಯಾಂಗ್ ಕಡೆಯ ಬಟ್ಟೆ ವ್ಯಾಪಾರಿಗಳು 1659ರಷ್ಟು ಹಿಂದೆಯೇ ಹೀಗೆ ಕಲ್ಲು ನಿಲ್ಲಿಸಿದ್ದರು. ಒಬ್ಬರ ಬಟ್ಟೆಯ ಗುರುತನ್ನು ಇನ್ನೊಬ್ಬರು ಹಾಕಬಾರದು ಅಂತ. ಆದರೆ ಇದು ಆ ಊರಿಗೆ, ಆ ಅಧಿಕಾರಿಗೆ ಮಾತ್ರ ಸೀಮಿತ. ಅವನಿಗೆ ವರ್ಗವಾದರೆ ಮತ್ತೆ ಮೊದಲಿಂದ.

ಹಾಗಾಗಿ ಹೆಸರನ್ನು ಒಳಗಿನಿಂದಲೇ ಕಾಯಬೇಕಿತ್ತು. ಇದಕ್ಕೆ ಹುಯಿಝೌನದ್ದೇ ಇನ್ನೊಂದು ಮಸಿ ಮನೆ ಹು ಕಾಯ್‌ವೆನ್ ಒಳ್ಳೆಯ ಉದಾಹರಣೆ. ಅದನ್ನು ಶುರುಮಾಡಿದ ಹು ತಿಯಾನ್‌ಝು (1742–1808) ಬೇರೆಯವರ ಮಸಿ ಅಂಗಡಿಗೆ ಕೆಲಸ ಕಲಿಯಲು ಸೇರಿದ ಹುಡುಗ. ಯಜಮಾನನ ಮಗಳನ್ನು ಮದುವೆಯಾಗಿ ಅಂಗಡಿಯನ್ನೇ ನೋಡಿಕೊಂಡ. ಮಕ್ಕಳು ಹಲವರಾದರು. ಪಾಲು ಬಂದಾಗ ಅಂಗಡಿ ಒಡೆದು ಚೂರಾಗುವುದು ಎಲ್ಲ ಕಡೆ ಕಾಣುವ ಕಥೆ. ಇವರು ಒಂದು ಕಟ್ಟು ಮಾಡಿಕೊಂಡರು. ಮನೆ ಪಾಲಾಗಲಿ, ಅಂಗಡಿ ಪಾಲಾಗಬಾರದು. ಬೇರೆ ಅಂಗಡಿ ತೆರೆದರೆ ಮೂಲ ಮನೆಯ ಮಸಿಯನ್ನೇ ಮಾರಬೇಕು, ಅಲ್ಲಿ ಮಸಿ ಮಾಡುವ ಮೇಜು ಹಾಕಬಾರದು. ಹಾಕಲೇಬೇಕು ಅಂದರೆ ಹೆಸರಿಗೆ ಬೇರೆ ಗುರುತು ಸೇರಿಸಬೇಕು. ಮೂರೇ ಮಾತು. ಹೊರಗಿನ ಸಾಹುಕಾರನಿಗಿಂತ ಒಳಗಿನ ದಾಯಾದಿ ದೊಡ್ಡ ಅಪಾಯ ಅಂತ ಅವರಿಗೆ ತಿಳಿದಿತ್ತು. 1915ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಪನಾಮಾ-ಪೆಸಿಫಿಕ್ ವಸ್ತುಪ್ರದರ್ಶನದಲ್ಲಿ ಹು ಕಾಯ್‌ವೆನ್ ಮಸಿಗೆ ಚಿನ್ನದ ಪದಕ ಬಂತು.

ಎಲ್ಲರಿಗೂ ಹೀಗೆ ಆಗಲಿಲ್ಲ. ಹಾಂಗ್‌ಝೌನ ಕತ್ತರಿಯವರ ಕಥೆ ಹೇಳಿ ಮುಗಿಸುತ್ತೇನೆ. ಅವರ ಮೂಲವೂ ಹುಯಿಝೌ ಸೀಮೆಯೇ. ಕಬ್ಬಿಣದ ಅಲಗಿಗೆ ಉಕ್ಕಿನ ಬಾಯಿ ಬೆಸೆದು ಕತ್ತರಿ ಮಾಡುತ್ತಿದ್ದ ಝಾಂಗ್ ಮನೆತನ. ತಂದೆ ಅಂಗಡಿಗೆ ದಾಲೊಂಗ್ ಅಂತ ಹೆಸರಿಟ್ಟಿದ್ದ. ಕತ್ತರಿ ಹೆಸರು ಮಾಡಿದ್ದೇ ತಡ, ಪಕ್ಕದವರೆಲ್ಲ ಅದೇ ಹೆಸರು ಹಾಕಿದರು. 1663ರಲ್ಲಿ ಮಗ ತನ್ನ ಸ್ವಂತ ಹೆಸರನ್ನೇ ಅಂಗಡಿಗೆ ಇಟ್ಟ, ಝಾಂಗ್ ಷಿಯಾವ್‌ಚುವಾನ್ ಅಂತ. ಅದನ್ನೂ ಕದ್ದರು. ಮೊಮ್ಮಗ ಆ ಹೆಸರಿನ ಜತೆ ಇನ್ನೊಂದು ಗುರುತು ಸೇರಿಸಿದ. ಅದೂ ನಡೆಯಲಿಲ್ಲ. ಕೊನೆಗೆ ಗುವಾಂಗ್‌ಷು ಚಕ್ರವರ್ತಿಯ ಕಾಲದಲ್ಲಿ (1875–1908) ಮನೆಯವರು ತಾಲ್ಲೂಕಿನ ಅಧಿಕಾರಿಯ ಬಳಿ ಹೋದರು. ಈ ಹೆಸರನ್ನು ಬೇರೆಯವರು ಎಂದೆಂದಿಗೂ ಬಳಸಬಾರದು ಅಂತ ಅವನ ಆಜ್ಞೆಯನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದರು. ಆದರೂ ಹಾಂಗ್‌ಝೌನಲ್ಲಿ ಒಂದು ಮಾತು ಉಳಿದುಕೊಂಡಿತು: ಹಸಿರು ಬೆಟ್ಟ ಕೆರೆ ತುಂಬಾ, ಷಿಯಾವ್‌ಚುವಾನ್ ಗಲ್ಲಿ ತುಂಬಾ.